ಐದು ಹನಿಯ ಹಿಂದೆ ಮೂವತ್ತು ವರ್ಷ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎಳೆ ಮಗು ಇದ್ದರೆ ಅದರ ಲಸಿಕೆ ಕಾರ್ಡನ್ನು ಒಮ್ಮೆ ಕೇಳಿ ತೆಗೆದು ನೋಡಿ. ಕಾರ್ಡು ತೆಲುಗಿನಲ್ಲಿರಬಹುದು, ಮಲಯಾಳದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿರಬಹುದು; ಗಡಿಯ ಈಚೆ ಇರುವ ನಮಗೆ ಅದೇನು ಹೊಸದಲ್ಲ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರ ಎಂಬ ಸಾಲುಗಳಲ್ಲಿ ಪೋಲಿಯೊ, ಪೆಂಟಾ ಇವುಗಳ ಜೊತೆಗೆ ‘ರೋಟಾ’ ಅಂತ ಒಂದು ಹೆಸರು ಸಿಗ್ತದೆ. ಇದಕ್ಕೆ ಸೂಜಿ ಇಲ್ಲ, ಬಾಯಿಗೆ ಹಾಕುವ ಲಸಿಕೆ. ಹಾಕಿ ಮುಗಿಸಲು ಅರ್ಧ ನಿಮಿಷ ಸಾಕು. ಆದರೆ ಅದು ಆ ಬಾಯಿಯವರೆಗೆ ಬರಲು ಮೂವತ್ತು ವರ್ಷ ಹಿಡಿಯಿತು. ಯಾಕೆ ಅಷ್ಟು ಹೊತ್ತು, ಯಾರೆಲ್ಲ ಕೈಹಾಕಿದರು ಅನ್ನುವುದೇ ಈ ಸಲದ ವಿಷಯ.

ಮೊದಲು ವೈರಸ್ಸಿನ ಪರಿಚಯ ಆಗಲಿ. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನ ಚಿಕ್ಕ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಾಡಿಯ ಚಕ್ರದಂಥ ಕಣಗಳು ಕಂಡವು. ಲ್ಯಾಟಿನ್‌ನಲ್ಲಿ ‘ರೋಟಾ’ ಎಂದರೆ ಚಕ್ರ. ಹೆಸರು ಹಾಗೇ ನಿಂತಿತು. ಈ ವೈರಸ್ಸು ಪುಟ್ಟ ಮಕ್ಕಳಿಗೆ ನೀರುನೀರಾದ ಭೇದಿ, ವಾಂತಿ ತರ್ತದೆ. ದೊಡ್ಡವರಿಗೆ ತಡೆಯುವ ಶಕ್ತಿ ಇರ್ತದೆ. ಐದಾರು ಕಿಲೋ ತೂಗುವ ಕೂಸಿನ ಮೈಯಿಂದ ಒಂದೇ ದಿನದಲ್ಲಿ ಅರ್ಧ ಲೀಟರ್ ನೀರು ಹೋದರೆ ಏನಾದೀತು, ನೀವೇ ಲೆಕ್ಕ ಹಾಕಿ. ಲಸಿಕೆ ಬರುವ ಮುಂಚೆ ನಮ್ಮ ದೇಶದಲ್ಲಿ ಇದರಿಂದ ವರ್ಷಕ್ಕೆ ಸುಮಾರು 78,000 ಮಕ್ಕಳು ಸಾಯುತ್ತಿದ್ದರು ಎಂದು ಒಂದು ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಎರಡು ವರ್ಷ ತುಂಬದವರು.

ಕೈ ತೊಳೆದರೆ, ನೀರು ಕಾಯಿಸಿ ಕುಡಿದರೆ ಸಾಲದೇ ಅಂತ ಕೇಳಬಹುದು. ಕಾಲರಾ ಮುಂತಾದವಕ್ಕೆ ಅದರಿಂದ ಬಹಳ ಉಪಯೋಗ. ರೋಟಾ ಹಾಗಲ್ಲ. ಅಮೆರಿಕ, ಜಪಾನ್‌ನ ಚೊಕ್ಕ ಮನೆಗಳಲ್ಲೂ ಲಸಿಕೆ ಇಲ್ಲದ ಕಾಲದಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಐದು ವರ್ಷದೊಳಗೆ ಇದು ಒಮ್ಮೆಯಾದರೂ ತಗಲುತ್ತಿತ್ತು. ಸಾವು ಮಾತ್ರ ಆಸ್ಪತ್ರೆ ದೂರ ಇದ್ದವರ ಮನೆಗೆ ಬರುತ್ತಿತ್ತು.

ಈಗ ದೆಹಲಿಗೆ ಬನ್ನಿ. 1980ರ ದಶಕದ ನಡುವೆ ಅಲ್ಲಿನ ಏಮ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯ ಮಹಾರಾಜ ಕಿಶನ್ ಭಾನ್ ಮತ್ತು ಅವರ ತಂಡ ಒಂದು ವಿಚಿತ್ರ ಗಮನಿಸಿದರು. ಆಗತಾನೆ ಹುಟ್ಟಿದ ಕೂಸುಗಳ ಮಲದಲ್ಲಿ ರೋಟಾವೈರಸ್ ಇದೆ, ಆದರೆ ಕೂಸುಗಳಿಗೆ ಭೇದಿಯೇ ಇಲ್ಲ! ಬೇರೆಯವರಾದರೆ ‘ರೋಗ ಇಲ್ಲವಲ್ಲ, ಒಳ್ಳೆಯದಾಯಿತು’ ಅಂತ ಬಿಟ್ಟುಬಿಡುತ್ತಿದ್ದರೇನೋ. ಇವರು ಬಿಡಲಿಲ್ಲ. ಆ ಮಕ್ಕಳು ಬೆಳೆಯುತ್ತಾ ಹೋದಂತೆ ಬೆನ್ನುಹತ್ತಿ ನೋಡಿದರು. ಹುಟ್ಟಿದಾಗ ಸುಮ್ಮನೆ ಬಂದುಹೋದ ಆ ವೈರಸ್ಸು ಮುಂದೆ ಬರುವ ಜೋರಾದ ರೋಟಾ ಭೇದಿಯಿಂದ ಮಕ್ಕಳನ್ನು ಕಾಪಾಡುತ್ತಿತ್ತು. ಅಂದರೆ ಪ್ರಕೃತಿಯೇ ಒಂದು ಲಸಿಕೆ ತಯಾರಿಸಿ ಇಟ್ಟಂತಾಯಿತು. ಆ ತಳಿಯ ಹೆಸರು 116ಇ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರ ತಂಡಕ್ಕೂ ಇಂಥದೇ ಒಂದು ತಳಿ ಸಿಕ್ಕಿತು. ಅಲ್ಲಿನ ನವಜಾತ ಮಕ್ಕಳಲ್ಲಿ ಕಂಡ ಅದಕ್ಕೆ ಐ321 ಅಂತ ಹೆಸರು. ಇದರ ಕಥೆ ನನಗೆ ತುಂಬಾ ಇಷ್ಟ. ರೋಟಾವೈರಸ್ಸಿನ ವಂಶವಾಹಿ ಒಂದೇ ಉದ್ದದ ದಾರವಲ್ಲ. ಹನ್ನೊಂದು ಬಿಡಿ ತುಂಡು. ಒಂದೇ ಜೀವಕೋಶಕ್ಕೆ ದನದ ರೋಟಾವೈರಸ್ಸೂ ಮನುಷ್ಯರ ರೋಟಾವೈರಸ್ಸೂ ಒಟ್ಟಿಗೆ ಹೊಕ್ಕರೆ ಇಸ್ಪೀಟಿನ ಎರಡು ಕಟ್ಟು ಕಲಸಿ ಹಂಚಿದ ಹಾಗೆ ತುಂಡುಗಳು ಬೆರೆಯುತ್ತವೆ. ಬೆಂಗಳೂರಿನ ಐ321ರಲ್ಲಿ ಒಂಬತ್ತು ತುಂಡು ದನದ್ದು, ಎರಡು ಮನುಷ್ಯರದ್ದು. ದೆಹಲಿಯ 116ಇ ಇದಕ್ಕೆ ಉಲ್ಟಾ: ಹತ್ತು ಮನುಷ್ಯರದ್ದು, ಒಂದೇ ಒಂದು ದನದ್ದು. ಇವು ಕೂಸಿಗೆ ತೊಂದರೆ ಕೊಡದೆ ರಕ್ಷಣೆಯನ್ನಷ್ಟೇ ಕಲಿಸಿಹೋಗುತ್ತಿದ್ದವು.

ಸರಿ, ತಳಿ ಸಿಕ್ಕಿತು. ಇನ್ನು ಬಾಟಲಿಗೆ ತುಂಬಿ ಕೊಡುವುದಷ್ಟೇ ತಾನೆ? ಈ ಪಾಠ ಹೇಳುವಾಗ ಎಂಟನೇ ತರಗತಿಯ ಹುಡುಗನೊಬ್ಬ ಹೀಗೇ ಕೇಳಿದ. ಅವನಿಗೆ ನಾನು ಕೊಟ್ಟ ಉತ್ತರ ನಿಮಗೂ ಹೇಳ್ತೇನೆ. ನಿಮ್ಮ ಅಮ್ಮ ಮನೆಯಲ್ಲಿ ಐದು ಜನಕ್ಕೆ ರುಚಿಯಾದ ಸಾರು ಮಾಡ್ತಾರೆ. ಅದೇ ಸಾರನ್ನು ಮದುವೆಮನೆಯಲ್ಲಿ ಐದು ಸಾವಿರ ಜನಕ್ಕೆ, ದಿನಾ, ವರ್ಷವಿಡೀ, ಒಂದೇ ಒಂದು ದಿನವೂ ಉಪ್ಪು ಹೆಚ್ಚುಕಡಿಮೆ ಆಗದ ಹಾಗೆ ಮಾಡಿ ಅಂದರೆ? ಅದಕ್ಕೆ ಬೇರೆಯೇ ಒಲೆ ಬೇಕು, ಬೇರೆಯೇ ಪಾತ್ರೆ, ಅಳತೆ, ಕೆಲಸಗಾರರು, ದುಡ್ಡು. ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುವವರ ಬಳಿ ಇವು ಯಾವುವೂ ಇರುವುದಿಲ್ಲ. ಕಾರ್ಖಾನೆ ಇದ್ದವರ ಬಳಿ ತಳಿ ಇರುವುದಿಲ್ಲ. ನಮ್ಮ ದೇಶದಲ್ಲಿ ಎಷ್ಟೋ ಒಳ್ಳೆಯ ಸಂಶೋಧನೆಗಳು ಇಲ್ಲಿಯೇ ನಿಂತುಹೋಗುತ್ತವೆ. ಪ್ರಬಂಧ ಅಚ್ಚಾಗ್ತದೆ, ಕಪಾಟು ಸೇರ್ತದೆ.

ಇದು ನಿಲ್ಲದೆ ಸಾಗಿದ್ದಕ್ಕೆ ಒಂದು ಕಾರಣ 1987ರಲ್ಲಿ ಭಾರತ ಮತ್ತು ಅಮೆರಿಕ ಸರ್ಕಾರಗಳು ಮಾಡಿಕೊಂಡ ಲಸಿಕೆ ಒಪ್ಪಂದ. ಅದರ ಅಡಿಯಲ್ಲಿ ಅಟ್ಲಾಂಟಾದ ಸಿಡಿಸಿ ಸಂಸ್ಥೆಯ ರೋಜರ್ ಗ್ಲಾಸ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹ್ಯಾರಿ ಗ್ರೀನ್‌ಬರ್ಗ್ ಮುಂತಾದವರು ನಮ್ಮವರ ಜೊತೆ ಸೇರಿದರು. ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೂಡ ಕೈಜೋಡಿಸಿತು. ಪರೀಕ್ಷೆಗೆ ಬೇಕಾದ ಮೊದಲ ಸಣ್ಣ ಕಂತಿನ ಲಸಿಕೆ ಅಮೆರಿಕದಲ್ಲೇ ತಯಾರಾಯಿತು. ಆಮೇಲೆ ಆ ಕೆಲಸವನ್ನು ಹೈದರಾಬಾದಿನ ಭಾರತ್ ಬಯೊಟೆಕ್ ಕಂಪನಿಗೆ ವಹಿಸಿದರು. ಕೃಷ್ಣ ಎಲ್ಲ ಎಂಬ ವಿಜ್ಞಾನಿ ಅಮೆರಿಕದಿಂದ ಮರಳಿ ಬಂದು 1996ರಲ್ಲಿ ಶುರು ಮಾಡಿದ ಕಂಪನಿ ಅದು. ಆಗ ಇನ್ನೂ ಚಿಕ್ಕದು. ಹಣ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯಿಂದ ಬಂತು, ಗೇಟ್ಸ್ ಪ್ರತಿಷ್ಠಾನದಿಂದ ‘ಪಾತ್’ ಎಂಬ ಸಂಸ್ಥೆಯ ಮೂಲಕ ಬಂತು, ನಾರ್ವೆ ಮತ್ತು ಬ್ರಿಟನ್‌ನಿಂದಲೂ ಬಂತು. ವೈರಸ್ಸನ್ನು ಬೆಳೆಸುವ ‘ವೀರೊ’ ಜೀವಕೋಶಗಳ ಮೂಲ ಇನ್ನೊಂದು ಕಡೆ: ಜಪಾನ್‌ನಲ್ಲಿ 1962ರಲ್ಲಿ ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದವು ಅವು.

ಇಷ್ಟೆಲ್ಲ ದೇಶ ಸೇರಿದರೂ ಆತುರ ಮಾಡುವಂತಿರಲಿಲ್ಲ. ಯಾಕೆಂದರೆ ನಡುವೆ ಒಂದು ದೊಡ್ಡ ಏಟು ಬಿದ್ದಿತ್ತು. 1998ರಲ್ಲಿ ಅಮೆರಿಕದಲ್ಲಿ ‘ರೋಟಾಶೀಲ್ಡ್’ ಎಂಬ ಮೊದಲ ರೋಟಾ ಲಸಿಕೆ ಬಂದು, ಮರುವರ್ಷವೇ ವಾಪಸಾಯಿತು. ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಹೊಕ್ಕು ಸಿಕ್ಕಿಕೊಳ್ಳುವ ತೊಂದರೆ ಕಂಡಿತ್ತು. ಅಂಗಿಯ ತೋಳು ಬಿಚ್ಚುವಾಗ ಒಳಗೊಳಗೇ ಮಡಚಿಕೊಳ್ಳುತ್ತದಲ್ಲ, ಹಾಗೆ. ಅಲ್ಲಿಂದ ಮುಂದೆ ಯಾವ ರೋಟಾ ಲಸಿಕೆಯೂ ಸುಲಭವಾಗಿ ಪಾಸಾಗುವಂತಿರಲಿಲ್ಲ.

ದೆಹಲಿಯ ತಳಿ, ಬೆಂಗಳೂರಿನ ತಳಿ ಎರಡನ್ನೂ ಮೊದಲು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿದರು. 116ಇ ಹೆಚ್ಚು ಮಕ್ಕಳಲ್ಲಿ ರೋಗನಿರೋಧಕ ಪ್ರತಿಕ್ರಿಯೆ ಎಬ್ಬಿಸಿತು. ಬೆಂಗಳೂರಿನ ಐ321 ಅಲ್ಲಿಗೆ ಹಿಂದೆ ಉಳಿಯಿತು. ನಮಗೆ ಬೇಜಾರಾಗಬಹುದು, ಏನು ಮಾಡೋದು, ಪರೀಕ್ಷೆ ಊರಿನ ಹೆಸರು ನೋಡಿ ಅಂಕ ಕೊಡೋದಿಲ್ಲ.

ದೊಡ್ಡ ಪರೀಕ್ಷೆ ಶುರುವಾಗಿದ್ದು 2011ರಲ್ಲಿ. ದೆಹಲಿ, ಪುಣೆಯ ಹತ್ತಿರದ ಹಳ್ಳಿಗಳು, ವೆಲ್ಲೂರು ಹೀಗೆ ಮೂರು ಕಡೆ ಒಟ್ಟು 6,799 ಮಕ್ಕಳು. ಪ್ರತಿ ಮೂವರಲ್ಲಿ ಇಬ್ಬರಿಗೆ ಲಸಿಕೆ, ಒಬ್ಬರಿಗೆ ಲಸಿಕೆಯಂತೆಯೇ ಕಾಣುವ, ವೈರಸ್ ಇಲ್ಲದ ಹನಿ. ಯಾರಿಗೆ ಯಾವುದು ಅಂತ ತಾಯಿಗೂ ಗೊತ್ತಿಲ್ಲ, ಹಾಕಿದ ವೈದ್ಯರಿಗೂ ಗೊತ್ತಿಲ್ಲ. ಗೊತ್ತಿದ್ದರೆ ‘ನಮ್ಮ ಲಸಿಕೆ ಹಾಕಿದ ಮಗುವಿಗೆ ಭೇದಿ ಅಷ್ಟೇನಿಲ್ಲ’ ಅಂತ ಬರೆದುಕೊಳ್ಳಲು ಮನಸ್ಸು ಎಳೆಯುತ್ತದೆ. ಭೇದಿಯಾದ ಮಕ್ಕಳಿಗೆಲ್ಲ, ಯಾವ ಗುಂಪಿನವರೇ ಇರಲಿ, ಚಿಕಿತ್ಸೆ ಸಿಗುತ್ತಿತ್ತು.

2013ರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮೊದಲ ವರ್ಷದಲ್ಲಿ ಜೋರಾದ ರೋಟಾ ಭೇದಿಯ ವಿರುದ್ಧ 56 ಶೇಕಡಾ ಪರಿಣಾಮ.

ಈ 56 ಎಂಬುದನ್ನು ಸರಿಯಾಗಿ ಓದಲು ಕಲಿಯಿರಿ, ಗಣಿತದ ಸಾರ್‌ಗೂ ಖುಷಿಯಾಗ್ತದೆ. ಲಸಿಕೆ ಹಾಕಿದ ನೂರು ಮಕ್ಕಳಲ್ಲಿ 56 ಜನ ಆರಾಮ, ಮಿಕ್ಕ 44 ಜನಕ್ಕೆ ರೋಗ ಅಂತ ಅಲ್ಲ ಇದು. ಹೆಚ್ಚಿನ ಮಕ್ಕಳಿಗೆ ಲಸಿಕೆ ಇಲ್ಲದಿದ್ದರೂ ಜೋರಾದ ಭೇದಿ ಬರೋದಿಲ್ಲ. ಸಮಾನ ಗಾತ್ರದ ಎರಡು ಗುಂಪು ಇಟ್ಟುಕೊಳ್ಳಿ. ಲಸಿಕೆ ಇಲ್ಲದ ಗುಂಪಿನಲ್ಲಿ ನೂರು ಮಕ್ಕಳಿಗೆ ಜೋರಾದ ರೋಟಾ ಭೇದಿ ಬಂದರೆ, ಲಸಿಕೆಯ ಗುಂಪಿನಲ್ಲಿ 44 ಮಕ್ಕಳಿಗೆ ಮಾತ್ರ ಬರ್ತದೆ. ಐವತ್ತಾರು ಮಕ್ಕಳು ಡ್ರಿಪ್ ಹಾಕಿಸಿಕೊಂಡು ಮಲಗುವುದು ತಪ್ಪಿತು.

ಶ್ರೀಮಂತ ದೇಶಗಳಲ್ಲಿ ರೋಟಾ ಲಸಿಕೆಗಳ ಪರಿಣಾಮ ಇದಕ್ಕಿಂತ ಬಹಳ ಹೆಚ್ಚು. ಅದೇ ವಿದೇಶಿ ಲಸಿಕೆಗಳನ್ನು ಆಫ್ರಿಕ, ಏಷ್ಯಾದ ಬಡ ಊರುಗಳಲ್ಲಿ ಕೊಟ್ಟಾಗ ಅವೂ ಸುಮಾರು ಇಷ್ಟಕ್ಕೇ ಇಳಿದಿದ್ದವು. ಅಪೌಷ್ಟಿಕತೆ, ಕರುಳಿನಲ್ಲಿ ಮೊದಲೇ ಸೇರಿರುವ ಇತರ ಸೂಕ್ಷ್ಮಜೀವಿಗಳು, ತಾಯಿಯಿಂದ ಬಂದ ಪ್ರತಿಕಾಯಗಳು ಹೀಗೆ ಹಲವು ಕಾರಣ ಹೇಳ್ತಾರೆ. 56 ಸಣ್ಣ ಸಂಖ್ಯೆ ಎಂದು ಮೂಗು ಮುರಿದವರೂ ಇದ್ದರು. ರೋಗ ಇಷ್ಟು ಹಬ್ಬಿರುವ ದೇಶದಲ್ಲಿ ಅರ್ಧ ತಪ್ಪಿದರೂ ಉಳಿಯುವ ಮಕ್ಕಳು ಸಾವಿರಾರು. ನನ್ನ ಪ್ರಕಾರ ಅದನ್ನು ಸಣ್ಣದು ಅನ್ನಲಾಗದು. ಲಸಿಕೆ ಹಾಕಿಸಿದರೂ ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲೇಬೇಕು ಅನ್ನುವುದಕ್ಕೂ ಕಾರಣ ಆ ಉಳಿದ 44.

ಇನ್ನು ಬೆಲೆಯ ಮಾತು. ಇಂಥ ಪಾಲುದಾರಿಕೆಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. 2006ರ ಹೊತ್ತಿಗೇ ಎರಡು ವಿದೇಶಿ ರೋಟಾ ಲಸಿಕೆಗಳಿದ್ದವು, ಒಳ್ಳೆಯವೇ. ನಮ್ಮಲ್ಲಿ ಅವು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟವರಿಗೆ ಮಾತ್ರ. ಶೇಂಗಾ ಹೊಲದಲ್ಲಿ ಕೂಲಿ ಮಾಡುವ ತಾಯಿ ತರಿಸಿಕೊಳ್ಳುವ ಮಾತೇ ಇಲ್ಲ. ಹೊಸ ಲಸಿಕೆಯನ್ನು ಸರ್ಕಾರಕ್ಕೆ ಡೋಸಿಗೆ 1 ಡಾಲರಿನಂತೆ, ಅಂದಿನ ಲೆಕ್ಕದಲ್ಲಿ ಸುಮಾರು 54 ರೂಪಾಯಿಗೆ, ಕೊಡಲು ಕಂಪನಿ ಒಪ್ಪಿತ್ತು. ಸಾರ್ವಜನಿಕರ ಹಣ, ದಾನದ ಹಣ ಸಂಶೋಧನೆಗೆ ಹಾಕಿದ್ದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಈ ಬೆಲೆ. ಲಾಭ ಇಲ್ಲದೆ ಕಾರ್ಖಾನೆ ನಡೆಯೋದಿಲ್ಲ, ನಿಜ. ಲಾಭ ಎಷ್ಟು ಎಂಬುದನ್ನು ಮಾತ್ರ ಮೊದಲೇ ಕೂತು ಮಾತಾಡಿಕೊಳ್ಳಬೇಕು. ಮಾಲು ತಯಾರಾದ ಮೇಲೆ ಕೇಳಿದರೆ ಕೇಳುವವರು ಯಾರು?

2015ರ ಮಾರ್ಚ್‌ನಲ್ಲಿ ‘ರೋಟಾವ್ಯಾಕ್’ ಹೆಸರಿನಲ್ಲಿ ಲಸಿಕೆ ಬಿಡುಗಡೆಯಾಯಿತು. 2016ರಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಮೊದಲು ನಾಲ್ಕೇ ರಾಜ್ಯಗಳಿಗೆ ಕೊಟ್ಟರು: ಹಿಮಾಚಲ ಪ್ರದೇಶ, ಹರಿಯಾಣ, ಒಡಿಶಾ ಮತ್ತು ಆಂಧ್ರಪ್ರದೇಶ. ಅಂದರೆ ನಮ್ಮ ಆದೋನಿ, ರಾಯದುರ್ಗ, ಮಡಕಶಿರಾದ ಕೂಸುಗಳ ಬಾಯಿಗೆ ರೋಟಾ ಹನಿ ಬಿದ್ದಾಗ ಬೆಂಗಳೂರಿನ ಕೂಸುಗಳು ಸರದಿಯಲ್ಲಿದ್ದವು. ಕರ್ನಾಟಕಕ್ಕೆ ಬಂದಿದ್ದು 2019ರಲ್ಲಿ; ಅದೇ ವರ್ಷ ದೇಶದ ಉಳಿದ ರಾಜ್ಯಗಳಿಗೂ ಮುಟ್ಟಿತು. 2018ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿದ ಮೇಲೆ ಅದು ಪ್ಯಾಲೆಸ್ತೀನ್, ಘಾನಾ ದೇಶಗಳ ಮಕ್ಕಳಿಗೂ ತಲುಪಿತು. ಭಾನ್ ಅವರು 2020ರ ಜನವರಿಯಲ್ಲಿ ತೀರಿಕೊಂಡರು. ಏಮ್ಸ್‌ನಲ್ಲಿ ತಾವು ಕಂಡ ವೈರಸ್ಸು ಹೊರದೇಶದ ಮಕ್ಕಳನ್ನೂ ಕಾಯುವುದನ್ನು ನೋಡಿಯೇ ಹೋದರು.

ಇನ್ನೊಂದು ಮಾತು ಉಳಿದಿದೆ. ಅದೇ 2018ರಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ‘ರೋಟಾಸಿಲ್’ ಕೂಡ ಮಾನ್ಯತೆ ಪಡೆಯಿತು. ಅದರ ದಾರಿ ಬೇರೆ: ತಳಿಗಳು ಅಮೆರಿಕದ ಎನ್‌ಐಎಚ್‌ನಲ್ಲಿ ಆಲ್ಬರ್ಟ್ ಕಪಿಕಿಯನ್ ಅವರ ತಂಡ ದನದ ಮತ್ತು ಮನುಷ್ಯರ ವೈರಸ್ಸನ್ನು ಬೇಕೆಂದೇ ಬೆರೆಸಿ ಮಾಡಿದವು, ಪುಣೆಯವರು ಪರವಾನಗಿ ಪಡೆದು ಇಲ್ಲಿ ತಯಾರಿಸಿದರು. ಸರ್ಕಾರಿ ಕಾರ್ಯಕ್ರಮದಲ್ಲಿ ಈಗ ಎರಡೂ ಇವೆ. ಕಾರ್ಡಿನಲ್ಲಿ ‘ರೋಟಾ’ ಅಂತಷ್ಟೇ ಬರೆದಿರುವುದರಿಂದ ಯಾವುದು ಅಂತ ತಿಳಿಯೋದಿಲ್ಲ. ಲಸಿಕೆ ಹಾಕುವ ದಿನ ಆರೋಗ್ಯ ಕೇಂದ್ರದ ಸಿಸ್ಟರ್ ಬಳಿ ಹೋಗಿ ನೋಡಿ. ಪುಟ್ಟ ಬಾಟಲಿಯಿಂದ ಎಣಿಸಿ ಐದು ಹನಿ ಬಿಟ್ಟರೆ ಅದು ಹೈದರಾಬಾದಿನದು. ಪುಡಿಯನ್ನು ದ್ರಾವಣದಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಕೂಸಿನ ಕೆನ್ನೆಯ ಒಳಗೆ ಮೆಲ್ಲಗೆ ಬಿಟ್ಟರೆ ಪುಣೆಯದು. ನಿಮ್ಮೂರಿಗೆ ಯಾವುದು ಬರ್ತದೆ ಅಂತ ನೋಡಿಕೊಂಡು ಬಂದು ತರಗತಿಯಲ್ಲಿ ಹೇಳಿ.