ಎರಡನೆಯ ತೊಟ್ಟಿಲಿಗೆ ಎಷ್ಟು ದಿನ ಕಾಯಬೇಕು?



ಕಳೆದ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಊಟಕ್ಕೆ ಕುಳಿತಿದ್ದೆವು. ನಮ್ಮ ಭಾವನವರ ಮಗಳು ಎಂಟು ತಿಂಗಳ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿದ್ದಳು. ಹೋಳಿಗೆ ಬಡಿಸಲು ಬಂದ ಹಿರಿಯರೊಬ್ಬರು ಕೂಸಿನ ಗಲ್ಲ ಹಿಂಡಿ, "ಇನ್ನೊಂದು ಯಾವಾಗವ್ವಾ?" ಎಂದು ಕೇಳಿ ಮುಂದೆ ಹೋದರು. ಅವಳು ನಕ್ಕಳು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ಕಾಕು, ಎಲ್ರೂ ಇದನ್ನೇ ಕೇಳ್ತಾರ. ಮನ್ಯಾಗ ಅತ್ತಿಯವರು ಎರಡೂ ಕೂಡೇ ಬೆಳೀತಾವ, ಒಂದ ಸಲಕ್ಕ ಮುಗದ್ಹೋಗ್ತದ ಅಂತಾರ. ನನಗ ಈಗ ಮೂವತ್ತೊಂದು. ಖರೇನ ಎಷ್ಟು ದಿನ ಕಾಯಬೇಕು?"

ಆ ಪ್ರಶ್ನೆಗೆ ಅಲ್ಲೇ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಅವಳಿಗೆ ಹೇಳಬೇಕೆಂದು ಕುಳಿತು ಓದಿದ್ದನ್ನು, ವೈದ್ಯರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇಂದಲ್ಲ ನಾಳೆ ಏಳುವಂಥದ್ದೇ.

ಮೊದಲು ನನ್ನ ಕಥೆ

ನಾನು ಬೀದರ ಜಿಲ್ಲೆಯ ಹಳ್ಳಿಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವಳು. 1987ರಲ್ಲಿ ಮಗಳು ಹುಟ್ಟಿದಳು. ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆ. ಮೂರು ತಿಂಗಳ ರಜೆ ಮುಗಿದೊಡನೆ ಹಗಲಿಗೆ ಬಾಟಲಿಯ ಹಾಲು, ರಾತ್ರಿಗೆ ಎದೆಹಾಲು ಎಂದು ಮಾಡಿಕೊಂಡು ಕೆಲಸಕ್ಕೆ ಹೋದೆ. ಹಾಲು ಕುಡಿಸುವ ತಾಯಿಗೆ ಬಸಿರು ನಿಲ್ಲುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಇನ್ನೂ ಮುಟ್ಟೂ ಆಗಿರಲಿಲ್ಲ. ಮಗಳಿಗೆ ಆರು ತಿಂಗಳಾದಾಗ ಮತ್ತೆ ಬಸುರಿಯಾದೆ. ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು.

ಮಗ ಎಂಟು ತಿಂಗಳಿಗೇ ಹುಟ್ಟಿದ. ತೂಕ ಒಂದು ಕಿಲೋ ಎಂಟುನೂರು ಗ್ರಾಂ. ನನ್ನ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಅವನು ಬದುಕಿದ, ಇಂದು ಚೆನ್ನಾಗಿದ್ದಾನೆ, ಅದು ದೇವರ ದಯೆ. ಆದರೆ ಹದಿನಾಲ್ಕು ತಿಂಗಳ ಮಗಳು ಒಮ್ಮೆಲೇ ನನ್ನ ಮಡಿಲಿನಿಂದ ಇಳಿದು ಅಜ್ಜಿಯ ಮನೆಗೆ ಹೋಗಬೇಕಾಯಿತು. ಬಸ್ಸಿನ ಕಿಟಕಿಯಿಂದ ಅವಳು ಕೈ ಚಾಚಿ ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನೀವು ಕೇಳುತ್ತಿದ್ದೀರಿ, ಅದೇ ಸಂತೋಷ.

ಲೆಕ್ಕ ಎಲ್ಲಿಂದ?

ನಮ್ಮ ಮನೆಗಳಲ್ಲಿ "ಎರಡು ವರ್ಷದ ಅಂತರ" ಎಂದರೆ ಮಕ್ಕಳ ವಯಸ್ಸಿನ ಅಂತರ. ವೈದ್ಯರು ಹೇಳುವ ಎರಡು ವರ್ಷ ಬೇರೆ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ತಜ್ಞರ ಸಭೆ ಕರೆದಿತ್ತು. ಮಗು ಹುಟ್ಟಿದ ಮೇಲೆ ಮುಂದಿನ ಗರ್ಭಕ್ಕೆ ಪ್ರಯತ್ನಿಸುವ ಮೊದಲು ಕನಿಷ್ಠ 24 ತಿಂಗಳು ಕಾಯುವುದು ಒಳ್ಳೆಯದೆಂದು ಆ ಸಭೆ ಸಲಹೆ ಮಾಡಿತು. ಆ 24ಕ್ಕೆ ಹೊಟ್ಟೆಯಲ್ಲಿರುವ 9 ತಿಂಗಳು ಸೇರಿಸಿದರೆ ಒಟ್ಟು 33 ತಿಂಗಳು. ಅಂದರೆ ಎರಡು ಮಕ್ಕಳ ನಡುವೆ ಹೆಚ್ಚು ಕಡಿಮೆ ಮೂರು ವರ್ಷ. ಮಕ್ಕಳ ವಯಸ್ಸಿನಲ್ಲಿ ಎರಡೇ ವರ್ಷದ ಅಂತರವಿದ್ದರೆ ತಾಯಿಗೆ ಸಿಕ್ಕ ಬಿಡುವು ಹದಿನೈದೇ ತಿಂಗಳು. ಅತ್ತೆ ಸೊಸೆ ಇಬ್ಬರೂ "ಎರಡು ವರ್ಷ" ಎನ್ನುತ್ತ ಬೇರೆ ಬೇರೆ ಲೆಕ್ಕ ಹಾಕುತ್ತಿರಬಹುದು. ಮೊದಲು ಈ ಗೊಂದಲ ಬಿಡಿಸಿಕೊಳ್ಳಿ.

ದೇಹ ಕೇಳುವ ಸಮಯ

ಬಿಡುವು ಏಕೆ ಬೇಕು? ಬಸುರಿನಲ್ಲಿ, ಹೆರಿಗೆಯಲ್ಲಿ, ಹಾಲೂಡಿಸುವಾಗ ತಾಯಿಯ ದೇಹದ ಕಬ್ಬಿಣಾಂಶ, ಫೋಲಿಕ್ ಆಮ್ಲ ಮೊದಲಾದ ಸಂಗ್ರಹ ಕರಗುತ್ತದೆ. ಬ್ಯಾಂಕಿನಲ್ಲಿಟ್ಟ ಹಣ ಪೂರ್ತಿ ತೆಗೆದ ಮರುದಿನವೇ ಮತ್ತೆ ಚೆಕ್ಕು ಬರೆದಂತೆ, ಸಂಗ್ರಹ ತುಂಬುವ ಮೊದಲೇ ಇನ್ನೊಂದು ಗರ್ಭ ನಿಂತರೆ ತಾಯಿಗೂ ಕೊರತೆ, ಕೂಸಿಗೂ ಕೊರತೆ. ಅಂತರ ತೀರ ಕಡಿಮೆಯಾದಾಗ ದಿನ ತುಂಬದ ಹೆರಿಗೆ, ಕಡಿಮೆ ತೂಕದ ಶಿಶು, ತಾಯಿಯ ರಕ್ತಹೀನತೆ ಹೆಚ್ಚಾಗಿ ಕಾಣುತ್ತವೆ. ನಮ್ಮ ದೇಶದಲ್ಲಂತೂ ಈ ಸಂಗ್ರಹ ಮೊದಲೇ ಬಡವಾಗಿದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ನೂರು ಸ್ತ್ರೀಯರಲ್ಲಿ 57 ಜನರಿಗೆ ರಕ್ತಹೀನತೆ ಕಂಡುಬಂತು. ಸರ್ಕಾರ ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು. ಕೂಸು ಬಂದ ಸಂಭ್ರಮದಲ್ಲಿ ನಾವು ಮೊದಲು ಮರೆಯುವುದು ಅದನ್ನೇ.

ದೊಡ್ಡ ಕೂಸಿನ ಪಾಲೂ ಇದೆ. ನಮ್ಮ ತಾರನಾಕಾದಲ್ಲಿರುವ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಮುಂದೆ ನೀವು ಎಷ್ಟೋ ಸಲ ಹಾದುಹೋಗಿರುತ್ತೀರಿ. 1918ರಲ್ಲಿ ಕೂನೂರಿನಲ್ಲಿ ಆರಂಭವಾದ ಈ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂತು. 1960ರ ದಶಕದಲ್ಲಿ ಇದರ ನಿರ್ದೇಶಕರಾಗಿದ್ದ ಡಾ. ಸಿ. ಗೋಪಾಲನ್ ಅವರು ಅಧ್ಯಯನ ಮಾಡಿದ ಮಕ್ಕಳ ಕಾಯಿಲೆಗಳಲ್ಲಿ ಕ್ವಾಷಿಯೋರ್ಕರ್ ಒಂದು. ಅದರಲ್ಲಿ ಕೈಕಾಲು ಊದಿಕೊಂಡು ಮಗು ಸೊರಗುತ್ತದೆ. ಆ ಹೆಸರು ಆಫ್ರಿಕದ ಘಾನಾ ದೇಶದ ಗಾ ಭಾಷೆಯದು. 1930ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದ ವೈದ್ಯೆ ಸಿಸಿಲಿ ವಿಲಿಯಮ್ಸ್ ಅದನ್ನು ವೈದ್ಯಲೋಕಕ್ಕೆ ತಂದರು. ಮುಂದಿನ ಕೂಸು ಹುಟ್ಟಿದಾಗ ಹಿಂದಿನ ಕೂಸಿಗೆ ಬರುವ ಕಾಯಿಲೆ ಎಂದು ಅದರ ಅರ್ಥ ಹೇಳುತ್ತಾರೆ. ಎದೆಹಾಲು ತಟ್ಟನೆ ತಪ್ಪಿದ ಬಡ ಮಕ್ಕಳ ಪಾಡು ಆ ಒಂದೇ ಮಾತಿನಲ್ಲಿದೆ. ನಿಮ್ಮ ಮನೆಗಳಲ್ಲಿ ಆ ಬಡತನ ಇಲ್ಲ. ಆದರೂ ಮಡಿಲು ತಪ್ಪಿದ ದುಃಖ ಎಲ್ಲ ಕೂಸುಗಳಿಗೂ ಒಂದೇ.

ಹೊಲಿಗೆ ಹಾಕಿದ ಹೊಟ್ಟೆ

ಹೈದರಾಬಾದಿನ ನಾವು ಇನ್ನೊಂದು ಮಾತನ್ನು ಗಮನಿಸಲೇಬೇಕು. ಅದೇ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ ನೂರಕ್ಕೆ 60.7 ಹೆರಿಗೆಗಳು ಸಿಸೇರಿಯನ್. ಇಡೀ ದೇಶದ ಸರಾಸರಿ 21.5. ಅಂದರೆ ಇಲ್ಲಿ ಎರಡನೆಯ ಮಗುವಿನ ವಿಚಾರ ಮಾಡುವ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಗರ್ಭಕೋಶದ ಮೇಲೆ ಹೊಲಿಗೆಯ ಗುರುತಿದೆ. ಹೊಟ್ಟೆಯ ಚರ್ಮದ ಗಾಯ ಬೇಗ ಮಾಯುತ್ತದೆ, ಒಳಗಿನ ಗಾಯ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಸಿಸೇರಿಯನ್ ಆಗಿ ಒಂದೂವರೆ ವರ್ಷದೊಳಗೇ ಮುಂದಿನ ಹೆರಿಗೆ ಬಂದು, ಸಹಜ ಹೆರಿಗೆಗೆ ಪ್ರಯತ್ನಿಸಿದರೆ, ಹಳೆಯ ಹೊಲಿಗೆ ಬಿರಿಯುವ ಅಪಾಯ ಹೆಚ್ಚು. "ಎರಡನೆಯದಾದರೂ ಸಹಜವಾಗಲಿ" ಎಂದು ಆಸೆಪಡುವವರಿಗೆ ಕಾಯುವುದೇ ಮೊದಲ ಸಿದ್ಧತೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಕೊಡುವ ಚೀಟಿಯನ್ನು ಜೋಪಾನವಾಗಿಡಿ. ಸಿಸೇರಿಯನ್ ಏಕೆ ಮಾಡಿದರು, ಕೊಯ್ತ ಯಾವ ಬಗೆಯದು ಎಂಬುದು ಮುಂದಿನ ವೈದ್ಯರಿಗೆ ಬೇಕಾಗುತ್ತದೆ.

ಎಲ್ಲರೂ ಒಂದೇ ತಕ್ಕಡಿಯಲ್ಲಿಲ್ಲ

ಹಾಗಾದರೆ ಮೂವತ್ತು ದಾಟಿದವರ ಗತಿ ಏನು? ನಮ್ಮ ಕಾಲದಲ್ಲಿ ಇಪ್ಪತ್ತಕ್ಕೆ ಮದುವೆ. ನೀವು ಓದು, ಕೆಲಸ, ಮನೆ ಸಾಲ ಎಂದು ಮೂವತ್ತರ ಹತ್ತಿರ ಮದುವೆಯಾಗುತ್ತೀರಿ. 35 ದಾಟಿದ ಮೇಲೆ ಗರ್ಭ ನಿಲ್ಲುವುದು ನಿಧಾನವಾಗುತ್ತದೆ, ಗರ್ಭಪಾತದ ಸಂಭವವೂ ಏರುತ್ತದೆ. ಅದಕ್ಕೇ ವೈದ್ಯರು ಎಲ್ಲರಿಗೂ ಒಂದೇ ಗಡುವು ಹೇಳುವುದಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘದ 2019ರ ಸಲಹೆ ಹೀಗಿದೆ: ಆರು ತಿಂಗಳೊಳಗೆ ಮತ್ತೆ ಗರ್ಭ ಬೇಡವೇ ಬೇಡ, ಹದಿನೆಂಟು ತಿಂಗಳೊಳಗಾದರೆ ಲಾಭ ನಷ್ಟ ಎರಡನ್ನೂ ತಿಳಿದು ನಿರ್ಧರಿಸಬೇಕು. ಕೆನಡಾದಲ್ಲಿ ಸುಮಾರು ಒಂದೂವರೆ ಲಕ್ಷ ಗರ್ಭಧಾರಣೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೂ, ಒಂದು ವರ್ಷಕ್ಕಿಂತ ಕಡಿಮೆ ಬಿಡುವು ಯಾವ ವಯಸ್ಸಿನ ತಾಯಿಗೂ ಕ್ಷೇಮವಲ್ಲವೆಂದು ತೋರಿಸಿತು. 35 ದಾಟಿದವರಲ್ಲಿ ತಾಯಿಯ ಜೀವಕ್ಕೇ ಅಪಾಯ ಹೆಚ್ಚುವುದು ಅದರಲ್ಲಿ ಕಂಡಿತು. ವಯಸ್ಸಾಯಿತೆಂದು ಅವಸರಿಸುವವರು ಇದನ್ನು ಮರೆಯಬಾರದು. ಅಂಥವರಿಗೆ ಒಂದೂವರೆ ವರ್ಷದ ಆಸುಪಾಸು ನಡುವಿನ ದಾರಿ.

ಅತಿ ದೀರ್ಘ ಅಂತರವೂ ಪೂರ್ತಿ ನಿರಪಾಯವಲ್ಲ. ಐದು ವರ್ಷ ಮೀರಿದರೆ ಬಸುರಿನಲ್ಲಿ ರಕ್ತದೊತ್ತಡ ಏರುವ ತೊಂದರೆ ಸ್ವಲ್ಪ ಹೆಚ್ಚು. ಹೆದರಬೇಕಿಲ್ಲ, ತಪಾಸಣೆ ತಪ್ಪಿಸಬಾರದು, ಅಷ್ಟೆ.

ಗರ್ಭಪಾತವಾದವರ ಮಾತು ಬೇರೆ. 2005ರ ಸಭೆ ಅವರಿಗೆ ಆರು ತಿಂಗಳು ಕಾಯಲು ಹೇಳಿತ್ತು. ಆರು ತಿಂಗಳೊಳಗೆ ಗರ್ಭ ನಿಂತರೂ ಒಳ್ಳೆಯದೇ ಆಗಿದೆ ಎಂದು ಅನಂತರದ ಅಧ್ಯಯನಗಳು ಹೇಳಿವೆ. ದೇಹ ಚೇತರಿಸಿ ಮನಸ್ಸು ಸಿದ್ಧವಾದಾಗ ವೈದ್ಯರನ್ನು ಕೇಳಿ ಮುಂದುವರಿಯಿರಿ. ಅಂಥ ಮನೆಗೆ ಹೋದಾಗ "ಮುಂದಿನದು ಯಾವಾಗ?" ಎಂದು ದಯವಿಟ್ಟು ಯಾರೂ ಕೇಳಬೇಡಿ.

ಬಾಣಂತನವೆಂಬ ಜಾಣತನ

ಕನ್ನಡದ ಬಾಣಂತಿ ಎಂಬ ಮಾತು ತೆಲುಗಿನ ಬಾಲಿಂತ. ಎರಡೂ ಮಾತು ನಿಮ್ಮ ಕಿವಿಗೆ ಬಿದ್ದಿರುತ್ತವೆ. ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದರೆ ಮೂರೋ ಐದೋ ತಿಂಗಳು ಅಲ್ಲೇ. ಅಳ್ವಿ ಪಾಯಸ, ಅಂಟಿನುಂಡಿ, ಎಣ್ಣೆ ನೀರು, ನಿದ್ದೆ. ಗಂಡ ಬಂದರೂ ನೆಂಟನಂತೆ ಬಂದು ಹೋಗಬೇಕು. ಹಿರಿಯರು ಅಂತರವೆಂಬ ಮಾತನ್ನು ಬಾಯಿಂದ ಆಡದೆಯೇ ಪದ್ಧತಿಯಲ್ಲಿ ಇಟ್ಟಿದ್ದರು. ಇಂದು ತಾಯಿಯೇ ಹೈದರಾಬಾದಿಗೆ ಬಂದು ಬಾಣಂತನ ಮಾಡುತ್ತಾಳೆ. ತವರು ಇಲ್ಲಿಗೆ ಬಂತು, ಆದರೆ ಆ ದೂರ ಹೋಯಿತು. ದೂರ ಮಾಡುತ್ತಿದ್ದ ಕೆಲಸವನ್ನು ಈಗ ತಿಳಿವಳಿಕೆ ಮಾಡಬೇಕು.

ಎದೆಹಾಲು ಬಸಿರನ್ನು ತಡೆಯುತ್ತದೆಂಬುದು ಪೂರ್ತಿ ಸುಳ್ಳಲ್ಲ. ಅದಕ್ಕೆ ಮೂರು ಷರತ್ತುಗಳಿವೆ: ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲನ್ನೇ ಕುಡಿಯುತ್ತಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಮೂರೂ ಕೂಡಿದರೆ ನೂರಕ್ಕೆ 98ರಷ್ಟು ರಕ್ಷಣೆ. ಒಂದು ತಪ್ಪಿದರೂ ನಂಬುವಂತಿಲ್ಲ. ನಾನು ಬಾಟಲಿ ಹಿಡಿಸಿದ ದಿನವೇ ಆ ರಕ್ಷಣೆ ಸಡಿಲವಾಗಿತ್ತು. ಮೊದಲ ಮುಟ್ಟಿಗಿಂತ ಮುಂಚೆಯೇ ಅಂಡಾಣು ಬಿಡುಗಡೆಯಾಗುವುದರಿಂದ "ಮುಟ್ಟಾಗಲಿ, ನೋಡೋಣ" ಎನ್ನುವುದೂ ತಪ್ಪು.

ಉಪಾಯಗಳು ಬೇಕಾದಷ್ಟಿವೆ. ಹೆರಿಗೆಯಾದ 48 ಗಂಟೆಯೊಳಗೆ, ಸಿಸೇರಿಯನ್ ಆದರೆ ಅದೇ ಹೊತ್ತಿಗೆ, ಇಲ್ಲವೆ ಆರು ವಾರದ ನಂತರ ಕಾಪರ್-ಟಿ ಅಂದರೆ ವಂಕಿ ಹಾಕಿಸಿಕೊಳ್ಳಬಹುದು. ಬೇಕಾದಾಗ ತೆಗೆಸಬಹುದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದು 1991ರಲ್ಲಿ 'ಸಹೇಲಿ' ಹೆಸರಿನಲ್ಲಿ ಬಂದ ಮಾತ್ರೆಯಲ್ಲಿ ಹಾರ್ಮೋನು ಇಲ್ಲ, ಹಾಲೂಡಿಸುವವರೂ ನುಂಗಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು 'ಛಾಯಾ'. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದೂ ಇದೆ, ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆಂಬುದು ನೆನಪಿರಲಿ. ಸಾಮಾನ್ಯ ಮಿಶ್ರ ಹಾರ್ಮೋನಿನ ಮಾತ್ರೆಯನ್ನು ಹಾಲೂಡಿಸುವವರು ಮೊದಲ ಆರು ತಿಂಗಳು ನುಂಗಬಾರದು. ನಿರೋಧ್ ಬಳಸುವುದು ಗಂಡನ ಹೊಣೆ. ಹೆಂಡತಿಯ ದೇಹವೇ ಎಲ್ಲ ಭಾರ ಹೊರಬೇಕೆಂದು ಎಲ್ಲಿಯೂ ಬರೆದಿಲ್ಲ.

ಸಂಕೋಚ ಬೇಡ

ಇಂಥ ಮಾತು ಸಂಘದ ಪತ್ರಿಕೆಯಲ್ಲಿ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು 1930ರಲ್ಲಿಯೇ ಆದೇಶ ಹೊರಡಿಸಿದ್ದು ಮೈಸೂರು ಸಂಸ್ಥಾನ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಭಾರತ ಸರ್ಕಾರದ ಕಾರ್ಯಕ್ರಮ ಬಂದದ್ದು 1952ರಲ್ಲಿ. ನಮ್ಮ ಹೈದರಾಬಾದಿನ ನಿಲೋಫರ್ ಆಸ್ಪತ್ರೆಯ ಹಿಂದೆಯೂ ಒಂದು ಹೆರಿಗೆಯ ದುಃಖವಿದೆ. 1949ರಲ್ಲಿ ತನ್ನ ದಾಸಿ ಹೆರಿಗೆಯಲ್ಲಿ ತೀರಿಕೊಂಡದ್ದನ್ನು ಸಹಿಸಲಾರದೆ ನಿಜಾಮರ ಸೊಸೆ ನಿಲೋಫರ್ ಪಟ್ಟ ಪ್ರಯತ್ನದಿಂದ 1953ರಲ್ಲಿ ಆ ಆಸ್ಪತ್ರೆ ಎದ್ದಿತು. ರಾಜಮನೆತನದವರು ಸಂಕೋಚಪಡದ ಮಾತಿಗೆ ನಾವೇಕೆ ಪಡಬೇಕು?

"ಆರತಿಗೊಬ್ಬಳು, ಕೀರ್ತಿಗೊಬ್ಬ" ಎಂದು ನಮ್ಮವರು ಎಣಿಕೆ ಹೇಳಿದರು, ನಡುವಿನ ಅಂತರ ಹೇಳಲಿಲ್ಲ. ಆ ಅಂತರವನ್ನು ಗಂಡ ಹೆಂಡತಿ ಕೂಡಿ ನಿರ್ಧರಿಸಬೇಕು. ಮೊದಲ ಹೆರಿಗೆಗೆ ಮೊದಲೇ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ಕೆಲಸದಲ್ಲಿರುವವರು ರಜೆಯ ಲೆಕ್ಕವನ್ನೂ ನೋಡಿ: 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ, ಆದರೆ ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಕೂಸನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರ ಮೊಣಕಾಲು ನೋವೂ ಈ ಲೆಕ್ಕದಲ್ಲಿ ಬರಲಿ.

ನಮ್ಮ ಹುಡುಗಿ ಗಂಡನನ್ನು ಕರೆದುಕೊಂಡು ವೈದ್ಯರ ಬಳಿ ಹೋಗಿಬಂದಳು. ಸಿಸೇರಿಯನ್ ಆಗಿದೆ, ವಯಸ್ಸು ಮೂವತ್ತೊಂದು. ಕೂಸಿಗೆ ಒಂದೂವರೆ ವರ್ಷ ತುಂಬುವವರೆಗೆ ಆ ಮಾತೇ ಬೇಡ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿ ನೋಡೋಣ, ಎರಡು ವರ್ಷವಾದರೆ ಇನ್ನೂ ಚಲೋ ಎಂದಾಯಿತು. ಅತ್ತೆಯವರಿಗೆ ಏನು ಹೇಳಿದೆ ಎಂದು ಕೇಳಿದೆ.

"ನಾ ಏನೂ ಹೇಳ್ಲಿಲ್ಲ ಕಾಕು, ಇವರೇ ಹೇಳಿದ್ರು. 'ಅವ್ವಾ, ಇಕಿ ಮೊದಲು ಗಟ್ಟಿ ಆಗ್ಲಿ' ಅಂದ್ರು. ಅತ್ತಿಯವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮ್ಯಾಲೆ ನನ್ನ ತಾಟಿಗೆ ಇನ್ನೊಂದು ಅಂಟಿನುಂಡಿ ಹಾಕಿದ್ರು."