ರಾಸ್ಪುಟಿನ್ ಕಥೆ ಬಿಡಿ, ನಗರದ ರೈತರನ್ನು ನೋಡಿ

ಗಂಗೊಳ್ಳಿ ಬಂದರಿನ ಕಟ್ಟೆ ಮೇಲೆ ಕೂತು ಅಕ್ಕನ ಮಗ ಮೊಬೈಲಲ್ಲಿ ರಷ್ಯಾದ ಕೊನೆಯ ತ್ಸಾರ್ ಬಗ್ಗೆ ವಿಡಿಯೋ ನೋಡ್ತಿದ್ದ. ಮುಗಿದದ್ದೇ, "ಮಾವ, ಒಬ್ಬ ಸನ್ಯಾಸಿ ರಾಣಿ ತಲೆ ಕೆಡ್ಸದ್ಕೆ 304 ವರ್ಷದ ರಾಜ್ಯ ಬಿದ್ದ್ ಹೋಯ್ತಾ?" ಅಂದ.

ರಾಸ್ಪುಟಿನ್ ಕೊಲೆಯಾದದ್ದು 1916ರ ಡಿಸೆಂಬರಿನಲ್ಲಿ. ಅವನು ಹೋದ ಮೇಲೂ ಸಿಂಹಾಸನ ಮೂರು ತಿಂಗಳು ಬಾಳಲಿಲ್ಲ. 1905ರಲ್ಲಿ ಮನವಿ ಹಿಡಿದು ಅರಮನೆಗೆ ಹೊರಟ ಕಾರ್ಮಿಕರ ಮೇಲೆ ಗುಂಡು ಹಾರಿತ್ತು. 1915ರಲ್ಲಿ ನಿಕೊಲಸ್ ತಾನೇ ಸೇನೆಯ ನೇತೃತ್ವ ವಹಿಸಿಕೊಂಡ. ಅಲ್ಲಿಂದ ಪ್ರತಿ ಸೋಲೂ ಅವನ ಹೆಸರಿಗೇ ಬರೆಯಲ್ಪಟ್ಟಿತು. 1917ರ ಮಾರ್ಚ್ 8ರಂದು ಪೆಟ್ರೊಗ್ರಾಡಿನ ಜವಳಿ ಗಿರಣಿಗಳ ಹೆಂಗಸರು ರೊಟ್ಟಿ ಕೇಳಿಕೊಂಡು ಬೀದಿಗೆ ಬಂದರು. ಗುಂಡು ಹೊಡೆಯಬೇಕಿದ್ದ ಸೈನಿಕರು ನಾಲ್ಕೇ ದಿನದಲ್ಲಿ ಜನರ ಕಡೆ ನಿಂತರು. ಮಾರ್ಚ್ 15ಕ್ಕೆ ತ್ಸಾರ್ ಪದತ್ಯಾಗ.

ಇದೇ ಥರದ ಕಥೆ ನಮ್ಮ ತಲೆ ಮೇಲೇ ಇದೆ ಅಂದೆ ಅವನಿಗೆ. ಎದುರಿನ ಅಳಿವೆಯಲ್ಲಿ ಸಮುದ್ರ ಸೇರುವ ವಾರಾಹಿ ಇಳಿದು ಬರುವುದು ಘಟ್ಟದ ಮೇಲಿನ ಹೊಸನಗರದ ಕಡೆಯಿಂದ. ಬಾಳೆಬರೆ ಘಾಟಿ ಹತ್ತಿದರೆ ನಗರ. ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ, ಅಂದರೆ ನಮ್ಮ ಕರಾವಳಿ, ಕಂಪನಿಯ ಪಾಲಾಯ್ತು. ನಗರ ಮಾತ್ರ ಮೈಸೂರಿನ ಬಾಲಕ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಉಳಿಯಿತು. ಆದರೆ ಬಿಟ್ಟಿಯಾಗಿ ಅಲ್ಲ. ಸೈನ್ಯದ ಖರ್ಚು ಅಂತ ಕಂಪನಿಗೆ ವರ್ಷಕ್ಕೆ ಸುಮಾರು 24.5 ಲಕ್ಷ ರೂಪಾಯಿ ಕಟ್ಟಬೇಕು. ಆ ಹಣಕ್ಕೆ ಕುತ್ತು ಬರುವಂತಿದ್ದರೆ ಆಡಳಿತವನ್ನೇ ತೆಗೆದುಕೊಳ್ಳಬಹುದು ಅಂತ ಒಪ್ಪಂದದಲ್ಲೇ ಬರೆದಿತ್ತು.

ದೊರೆ ಕೈಬಿಚ್ಚಿ ಖರ್ಚು ಮಾಡಿದರು, ದಿವಾನ್ ಪೂರ್ಣಯ್ಯ ಕೂಡಿಟ್ಟದ್ದು ಕರಗಿತು. ಇಷ್ಟು ನಿಜ. ಶಾಲೆಯಲ್ಲಿ ಕೇಳಿದ್ದೂ ಇಷ್ಟೇ. ರೈತನಿಗೆ ನೇರವಾಗಿ ತಟ್ಟಿದ್ದು ಮಾತ್ರ 'ಷರತ್ತು' ಪದ್ಧತಿ. ತಾಲ್ಲೂಕಿನಿಂದ ಇಂತಿಷ್ಟು ಹಣ ಎತ್ತಿಕೊಡ್ತೇನೆ, ಕಮ್ಮಿಯಾದರೆ ಕೈಯಿಂದ ತುಂಬ್ತೇನೆ ಅಂತ ಅಮಲ್ದಾರ ಬರೆದುಕೊಡಬೇಕು. ಕೈಯಿಂದ ಯಾರು ತುಂಬ್ತಾರೆ ಹೇಳಿ? ರೈತನ ಕಣಜದಿಂದಲೇ ತುಂಬಬೇಕು. ಅದೇ ಕಾಲಕ್ಕೆ ಧಾನ್ಯದ ಬೆಲೆ ಬೇರೆ ಬಿತ್ತು. ಕಂದಾಯ ಕಟ್ಟಬೇಕಾದದ್ದು ಮಾತ್ರ ರೊಕ್ಕದಲ್ಲೇ.

1830ರಲ್ಲಿ ನಗರ ಸೀಮೆಯ ರೈತರು 'ಕೂಟ' ಸೇರಿ ಕಂದಾಯ ನಿಲ್ಲಿಸಿದರು. ಕೆಳದಿ ವಂಶದವನು ಅಂತ ಹೇಳಿಕೊಂಡ ಬೂದಿ ಬಸಪ್ಪ ಮುಂದಾಳಾದ, ತರೀಕೆರೆಯ ಪಾಳೆಗಾರರು ಕೈಜೋಡಿಸಿದರು. ಅವರೆಲ್ಲರಿಗೂ ರೈತನ ಕಷ್ಟವೇ ಮುಖ್ಯವಾಗಿತ್ತು ಅಂತ ನಾನು ನಂಬುವುದಿಲ್ಲ. ಕಳೆದುಹೋದ ಗದ್ದುಗೆಯ ಆಸೆಯೂ ಇತ್ತು. ಕೊನೆಗೆ ಬಂದದ್ದು ಕಂಪನಿಯ ಪಡೆ. 1831ರ ಜೂನ್‌ನಲ್ಲಿ ನಗರದ ಕೋಟೆ ಅವರ ಕೈಸೇರಿತು, ಅಕ್ಟೋಬರ್‌ನಲ್ಲಿ ದೊರೆಯ ಅಧಿಕಾರವೂ ಹೋಯ್ತು.

ದೊರೆಯ ದುರಾಡಳಿತವೇ ಕಾರಣ ಅಂತ ಗವರ್ನರ್ ಜನರಲ್ ಬೆಂಟಿಂಕ್ ಹೇಳಿದ. ಆದರೆ ಅದೇ 1830-31ರಲ್ಲಿ ಘಟ್ಟದ ಕೆಳಗೆ, ಕಂಪನಿಯೇ ನೇರ ಆಳುತ್ತಿದ್ದ ಕೆನರಾದಲ್ಲೂ ರೈತರು ಕೂಟ ಸೇರಿ ಕಂದಾಯ ಕೊಡೋದಿಲ್ಲ ಅಂದಿದ್ದರು! ಇಲ್ಲಿ ದೊರೆ ಇರಲಿಲ್ಲ, ಅರಮನೆ ಇರಲಿಲ್ಲ, ದಸರಾ ದರ್ಬಾರು ಇರಲಿಲ್ಲ. ಬೆಲೆ ಬಿದ್ದಿತ್ತು, ರೊಕ್ಕದ ಕಂದಾಯ ಹಾಗೇ ಇತ್ತು. ಘಟ್ಟದ ಮೇಲೆ ಅದು ದೊರೆಯ ತಪ್ಪು. ಕೆಳಗೆ ಕಂಪನಿಯ ಆಡಳಿತವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಮೈಸೂರಿನ ದಂಗೆಗೆ ಕಾರಣವೇನು ಅಂತ ವಿಚಾರಿಸಲು ನೇಮಿಸಿದ ಸಮಿತಿ ವರದಿ ಕೊಟ್ಟದ್ದು 1833ರ ಡಿಸೆಂಬರಿನಲ್ಲಿ. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ.

"ಹಂಗಾರೆ ರಷ್ಯಾದಂಗೆ ಇಲ್ಲ್ಯಾಕೆ ಆಯ್ಲಿಲ್ಲೆ?" ಅಂದ ಹುಡುಗ. ಪೆಟ್ರೊಗ್ರಾಡಿನಲ್ಲಿ ಬಂದೂಕು ಹಿಡಿದವನು ಹಳ್ಳಿಯಿಂದ ಬಂದ ರೈತನ ಮಗ. ಅವನು ತಿರುಗಿ ನಿಂತಾಗ ತ್ಸಾರ್‌ಗೆ ಬೇರೆ ಸೈನ್ಯ ಇರಲಿಲ್ಲ. ನಗರದಲ್ಲಿ ಕೊನೆಯ ಬಂದೂಕು ಕಂಪನಿಯದು. ದೊರೆ ಇಳಿದರೂ ಕುರ್ಚಿ ಅವರಿಗೇ.

ಮುಮ್ಮಡಿಯವರು ರಾಜ್ಯ ವಾಪಸ್ ಕೇಳ್ತಾ ಕೇಳ್ತಾ 1868ರಲ್ಲಿ ತೀರಿಕೊಂಡರು. 1881ರಲ್ಲಿ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಮರಳಿತು. ಜೊತೆಗೆ ವಾರ್ಷಿಕ ಪಾವತಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಷರತ್ತೂ ಬಂತು.