ಅರುವತ್ತರ ಮೇಲೆ ಜಲವರ್ಣ

ಉದ್ಯೋಗದಿಂದ ನಿವೃತ್ತರಾದವರ ಮುಂದೆ ನಮ್ಮ ಸಮಾಜವು ಸಾಮಾನ್ಯವಾಗಿ ತೆರೆದಿಡುವ ಮಾರ್ಗಗಳು ತೀರ್ಥಯಾತ್ರೆ, ಪುರಾಣಶ್ರವಣ, ಮೊಮ್ಮಕ್ಕಳ ಪಾಲನೆ, ಹೊಲಮನೆಗಳ ಮೇಲ್ವಿಚಾರಣೆ ಇವೇ ಮೊದಲಾದುವು. ಇವೆಲ್ಲವೂ ಶ್ರೇಯಸ್ಕರವಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜೀವಮಾನವೆಲ್ಲ ಹಾಜರಿ ಪುಸ್ತಕವನ್ನೋ ಕೀರ್ದಿ ಖಾತೆಯನ್ನೋ ಹಿಡಿದ ಕೈಯು ಇನ್ನು ಮೇಲೆ ಕುಂಚವನ್ನು ಹಿಡಿಯಬಹುದೆಂದು ಯಾರಾದರೂ ಹೇಳಿದರೆ, ಕೇಳಿದವರು ಅದನ್ನು ಎಳೆಯರ ಹವ್ಯಾಸವೆಂದು ಬದಿಗೆ ಸರಿಸಿಬಿಡುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಬಾಳನ್ನು ಕಳೆದು, ಈಗ ಬಿಡುವಿನ ಮುಂಜಾವುಗಳನ್ನು ಪಡೆದಿರುವ ಹಿರಿಯರಿಗೆ ಜಲವರ್ಣವೆಂಬ ವಿದ್ಯೆಯನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ತಡವಾಗಿ ಕುಂಚ ಹಿಡಿದವರ ಮಾತು ಬಂದಾಗ ಕನ್ನಡಿಗರು ಮೊದಲು ನೆನೆಯಬೇಕಾದ ಹೆಸರು ರುಮಾಲೆ ಚನ್ನಬಸವಯ್ಯನವರದು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ಅವರು ಯೌವನದಲ್ಲಿ ಬೆಂಗಳೂರಿನ ಕಲಾಮಂದಿರದಲ್ಲಿ ಎ. ಎನ್. ಸುಬ್ಬರಾಯರ ಬಳಿ ಚಿತ್ರಾಭ್ಯಾಸ ಮಾಡಿದವರು. ಆದರೆ ಸ್ವಾತಂತ್ರ್ಯ ಸಂಗ್ರಾಮದ ಕರೆ ಬಂದಾಗ ಬಣ್ಣದ ಪೆಟ್ಟಿಗೆಯನ್ನು ಮುಚ್ಚಿಟ್ಟು, ಚಳವಳಿ, ಸೇವಾದಳದ ಸಂಘಟನೆ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ ಎಂದು ದಶಕಗಳನ್ನೇ ಸಾರ್ವಜನಿಕ ಕಾರ್ಯಕ್ಕೆ ಒಪ್ಪಿಸಿದರು. 1960ರ ದಶಕದ ಆರಂಭದಲ್ಲಿ, ಐವತ್ತನ್ನು ದಾಟಿದ ಮೇಲೆ, ಅವರು ಮತ್ತೆ ಕುಂಚವನ್ನೆತ್ತಿಕೊಂಡರು. 1988ರಲ್ಲಿ ನಿಧನರಾಗುವವರೆಗೆ ಅದನ್ನು ಕೆಳಗಿಡಲಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ಋತುವಿಗೊಂದರಂತೆ ಹೂ ತುಂಬಿ ನಿಲ್ಲುವ ಗುಲ್‌ಮೊಹರ್, ಜಕರಂಡ ಮೊದಲಾದ ಮರಗಳ ಎದುರಿಗೇ ಹೋಗಿ ನಿಂತು, ಬಯಲಿನಲ್ಲಿಯೇ ಚಿತ್ರಿಸಿದ ಅವರ ಕೃತಿಗಳಲ್ಲಿ ಕಾಣುವ ವರ್ಣೋತ್ಸಾಹವು, ಇಪ್ಪತ್ತರ ಹರೆಯದವರಲ್ಲಿಯೂ ವಿರಳವಾದುದು. ಅವರು ಚಿತ್ರಿಸಿದ್ದು ದಿನವೂ ಎಲ್ಲರೂ ಹಾದುಹೋಗುತ್ತಿದ್ದ ರಸ್ತೆಗಳನ್ನೇ ಎಂಬುದನ್ನು ನಾನು ವಿಶೇಷವಾಗಿ ಗಮನಕ್ಕೆ ತರಬಯಸುತ್ತೇನೆ. ಸ್ಫೂರ್ತಿಗಾಗಿ ಹಿಮಾಲಯಕ್ಕೆ ಹೋಗಬೇಕೆಂಬ ನಂಬಿಕೆಗೆ ಅವರ ಕೃತಿಗಳಿಗಿಂತ ಬೇರೆ ಉತ್ತರ ಬೇಕಾಗಿಲ್ಲ.

ಅನ್ಯರಲ್ಲಿಯೂ ನಿದರ್ಶನಗಳಿವೆ. 1924ರಲ್ಲಿ ‘ಪೂರಬಿ’ ಕವನಸಂಕಲನದ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸುತ್ತ ವಿಚಿತ್ರಾಕೃತಿಗಳನ್ನು ಮೂಡಿಸತೊಡಗಿದ ರವೀಂದ್ರನಾಥ ಠಾಕೂರರು, 1930ರಲ್ಲಿ ಪ್ಯಾರಿಸಿನಲ್ಲಿ ತಮ್ಮ ಚಿತ್ರಗಳ ಪ್ರಥಮ ಪ್ರದರ್ಶನವನ್ನು ಏರ್ಪಡಿಸಿದಾಗ ಎಪ್ಪತ್ತರ ಸಮೀಪದಲ್ಲಿದ್ದರು. ಅಮೆರಿಕದ ರೈತ ಮನೆತನದ ಅಜ್ಜಿ ಮೋಸೆಸ್, ಕೀಲುನೋವಿನಿಂದ ಕಸೂತಿಯ ಸೂಜಿ ಹಿಡಿಯಲಾಗದೆ, ಎಪ್ಪತ್ತೈದು ದಾಟಿದ ಮೇಲೆ ಕುಂಚ ಹಿಡಿದು ಜಗತ್ಪ್ರಸಿದ್ಧಳಾದಳು.

ಇನ್ನು ವಿದ್ಯೆಯ ವಿಚಾರ. ತೈಲವರ್ಣಕ್ಕೆ ಕ್ಯಾನ್ವಾಸು, ಟರ್ಪೆಂಟೈನಿನ ವಾಸನೆ, ವಾರಗಟ್ಟಲೆ ಒಣಗಿಸಲು ಜಾಗ ಇವೆಲ್ಲ ಬೇಕು. ಜಲವರ್ಣಕ್ಕೆ ಜಗಲಿಯ ಒಂದು ಮೂಲೆ ಸಾಕು. ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ, ಒಂದು ದೊಡ್ಡ ಮತ್ತು ಒಂದು ಸಣ್ಣ ಕುಂಚ, ಎರಡು ಡಬ್ಬಿ ನೀರು, ಐದಾರು ಬಣ್ಣ, ಇಷ್ಟೇ ಸಾಮಗ್ರಿ. ತೆಳುವಾದ ಡ್ರಾಯಿಂಗ್ ಹಾಳೆಯು ನೀರು ತಗುಲಿದೊಡನೆ ಸುಕ್ಕುಗಟ್ಟಿ ಮನಸ್ಸನ್ನು ಮುರಿಯುತ್ತದೆಯಾದ ಕಾರಣ, ಉಳಿತಾಯ ಮಾಡುವುದಿದ್ದರೆ ಬಣ್ಣದಲ್ಲಿ ಮಾಡಬೇಕೇ ಹೊರತು ಕಾಗದದಲ್ಲಿ ಮಾಡಬಾರದು. ಈ ವಿದ್ಯೆಯ ಮೂಲಸೂತ್ರವೆಂದರೆ ತಿಳಿಯಿಂದ ಗಾಢಕ್ಕೆ ಸಾಗುವುದು. ಇಲ್ಲಿ ಬಿಳಿಯೆಂಬುದು ಬಳಿಯುವ ಬಣ್ಣವಲ್ಲ, ಉಳಿಸಿಕೊಳ್ಳುವ ಕಾಗದ. ಎಲ್ಲಿ ಬಣ್ಣ ಹಚ್ಚಬಾರದೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಕೈ ಹಾಕಬೇಕಾಗುತ್ತದೆ. ಎಳೆಯರಿಗೆ ಈ ಸಂಯಮವು ಕಷ್ಟಸಾಧ್ಯ, ಹಿರಿಯರಿಗೆ ಬಹುಮಟ್ಟಿಗೆ ಸ್ವಭಾವಸಿದ್ಧ. ಕಪ್ಪು ಬಣ್ಣದ ಟ್ಯೂಬನ್ನು ಮಾತ್ರ ಕೊಳ್ಳಲೇಬಾರದು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಸುಟ್ಟ ಮಣ್ಣಿನ ಬಣ್ಣವನ್ನು ಬೆರೆಸಿದರೆ, ಮಳೆ ಬಿದ್ದ ಮರುದಿನ ನಮ್ಮ ಎರೆಹೊಲವು ತಾಳುವ ಜೀವಂತವಾದ ಕಪ್ಪು ತಾನಾಗಿಯೇ ದೊರಕುತ್ತದೆ.

ತಡವಾಗಿ ಆರಂಭಿಸುವವನು ಬರಿಗೈಯಲ್ಲಿ ಆರಂಭಿಸುತ್ತಾನೆಂಬ ಭಾವನೆಯು ತಪ್ಪೆಂಬುದೇ ಈ ವಿಷಯದಲ್ಲಿ ನನಗಿರುವ ದೃಢವಾದ ಅಭಿಪ್ರಾಯ. ಅವನು ಮಾಡಿದ ಕಸುಬೇ ಅವನಿಗೆ ಅರ್ಧ ಚಿತ್ರಶಾಲೆಯಾಗಿರುತ್ತದೆ. ಇದನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಿಂತು ನೋಡಿದವರಿಗೆ ಬೇರೆ ಪ್ರಮಾಣ ಬೇಡ. ಸುಗ್ಗಿಯ ದಿನಗಳಲ್ಲಿ ಸಾಲುಸಾಲಾಗಿ ನಿಂತ ಚೀಲಗಳ ನಡುವೆ ನಡೆಯುವ ಅನುಭವಿ ಖರೀದಿದಾರನು ಒಂದು ಚೀಲದಿಂದ ಹಿಡಿಯಷ್ಟು ಕಾಯಿಯನ್ನೆತ್ತಿ, ಬೆಳಕಿಗೆ ಹಿಡಿದು, ತೊಟ್ಟಿನ ಬಳಿ ಬಣ್ಣ ಹೇಗಿದೆ, ಮೈಯ ನಿರಿಗೆಗಳು ಎಷ್ಟು ಆಳವಾಗಿವೆ, ಇದು ಕಡ್ಡಿ ತಳಿಯದೋ ಡಬ್ಬಿ ತಳಿಯದೋ, ಈ ವರ್ಷದ್ದೋ ಕೋಲ್ಡ್ ಸ್ಟೋರೇಜಿನಿಂದ ಹೊರಬಂದದ್ದೋ ಎಂಬುದನ್ನೆಲ್ಲ ಕ್ಷಣಾರ್ಧದಲ್ಲಿ ನಿರ್ಣಯಿಸುತ್ತಾನೆ. ಖಾರಕ್ಕಿಂತ ಬಣ್ಣಕ್ಕೆ ಬೆಲೆ ಬರುವ ಕಾಯಿ ಇದು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಈ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಕೆಂಪು ಸಾರವು ಆಹಾರಪದಾರ್ಥಗಳಿಗೂ ಪ್ರಸಾಧನ ಸಾಮಗ್ರಿಗಳಿಗೂ ರಂಗು ನೀಡುತ್ತದೆ. ನಾಲ್ವತ್ತು ವರ್ಷ ಹೀಗೆ ಕೆಂಪಿನ ತಾರತಮ್ಯವನ್ನೇ ಜೀವನೋಪಾಯ ಮಾಡಿಕೊಂಡವನ ಕಣ್ಣಿಗೆ ವರ್ಣಜ್ಞಾನವಿಲ್ಲವೆಂದು ಯಾರು ತಾನೇ ಹೇಳಬಲ್ಲರು? ಅವನು ಕಲಿಯಬೇಕಾದುದು ಕಿತ್ತಳೆಯ ಛಾಯೆಯ ಕೆಂಪು, ನೇರಿಳೆಯ ಛಾಯೆಯ ಕೆಂಪು ಇವೆರಡನ್ನು ನೀರಿನಲ್ಲಿ ಬೆರೆಸುವ ಹದವನ್ನಷ್ಟೇ. ರಾಶಿಯ ನೆರಳಿನಲ್ಲಿರುವ ಕೆಂಪಿಗೆ ಕಪ್ಪನ್ನಲ್ಲ, ಚೂರು ಹಸಿರನ್ನೋ ನೀಲಿಯನ್ನೋ ಕೂಡಿಸಬೇಕೆಂದು ಒಮ್ಮೆ ಹೇಳಿದರೆ ಸಾಕು, ಉಳಿದುದನ್ನು ಅವನ ಕಣ್ಣೇ ತಿದ್ದುತ್ತದೆ. ಒಂದು ಎಚ್ಚರಿಕೆಯ ಮಾತು: ಮೆಣಸಿನಕಾಯಿಯ ಸಾರದಿಂದಲೇ ಚಿತ್ರ ಬರೆಯಬೇಕೆಂಬ ಉತ್ಸಾಹ ಕೆಲವರಿಗೆ ಬಂದೀತು. ಆ ಸಹಜವರ್ಣವು ಬೆಳಕಿನಲ್ಲಿ ಮಾಸುವಂಥದಾದುದರಿಂದ ಬಾಳುವ ಚಿತ್ರಕ್ಕೆ ಒದಗದು.

ರಾಣೆಬೆನ್ನೂರಿನ ಸೀಮೆಯಲ್ಲಿ ಹೈಬ್ರಿಡ್ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡಿದ ಹೆಣ್ಣುಮಕ್ಕಳ ವಿಚಾರವೂ ಇದೇ. ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಕೇಸರಗಳನ್ನು ತೆಗೆದು, ಪರಾಗವನ್ನು ಶಲಾಕಾಗ್ರಕ್ಕೆ ಮೃದುವಾಗಿ ಮುಟ್ಟಿಸುವ ಆ ಬೆರಳುಗಳ ಸ್ಥೈರ್ಯವು ಸಣ್ಣ ಕುಂಚಕ್ಕೆ ಬೇಕಾದ ಸ್ಥೈರ್ಯವೇ ಆಗಿದೆ. ಹಾವೇರಿಯ ಏಲಕ್ಕಿ ಹಾರವನ್ನು ಪೋಣಿಸುವವರ ಕೈಗೆ ವಿನ್ಯಾಸದ ಪಾಠವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಇನ್ನು ಚಿತ್ರಿಸಲು ವಸ್ತುವೇನು ಎಂದು ಕೇಳುವವರು ಸಂಜೆಯ ವೇಳೆ ಹಾವೇರಿಯ ಪುರದ ಸಿದ್ಧೇಶ್ವರನ ಗುಡಿಗೆ ಹೋಗಬೇಕು. ಚಾಲುಕ್ಯರ ಕಾಲದ ಗುಡಿಗಳು ಬಹುಮಟ್ಟಿಗೆ ಪೂರ್ವಾಭಿಮುಖವಾಗಿದ್ದರೆ ಇದು ಪಶ್ಚಿಮಾಭಿಮುಖವಾದುದರಿಂದ, ಇಳಿಹೊತ್ತಿನ ಬಿಸಿಲು ನೇರವಾಗಿ ಮುಂಭಾಗದ ಬಳಪದ ಕಲ್ಲಿನ ಮೇಲೆ ಬೀಳುತ್ತದೆ. ಆ ಕಲ್ಲಿನ ಬೂದು ಹಸಿರು ಆಗ ಜೇನುಬಣ್ಣಕ್ಕೆ ತಿರುಗುವುದನ್ನು, ಕೆತ್ತನೆಯ ಒಳಸಂದುಗಳಲ್ಲಿ ಮಾತ್ರ ನೀಲಿಯ ತಂಪು ಉಳಿಯುವುದನ್ನು ಕಣ್ಣಿಟ್ಟು ನೋಡಬೇಕು. 1974ರಲ್ಲಿ ಅಭಯಾರಣ್ಯವಾದ, 119 ಚದರ ಕಿಲೋಮೀಟರಿನ ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ ಚಿಗರಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಅವನ್ನು ಬರೆಯುವವನು ಪೆನ್ಸಿಲಿನ ನಾಲ್ಕು ಗೆರೆಗಳಲ್ಲಿ ನಿಲುವನ್ನಷ್ಟೇ ಹಿಡಿದುಕೊಂಡು, ಬಣ್ಣವನ್ನು ಮನೆಯಲ್ಲಿ ತುಂಬುವುದು ಮೇಲು. ಚೌಡದಾನಪುರದ ಮುಕ್ತೇಶ್ವರನ ಗುಡಿಯ ಕೆಳಗೆ ಹರಿಯುವ ತುಂಗಭದ್ರೆಯೂ, ಗಳಗನಾಥದಲ್ಲಿ ಅವಳನ್ನು ಬಂದು ಕೂಡುವ ವರದೆಯೂ ನೀರಿನಿಂದ ನೀರನ್ನೇ ಚಿತ್ರಿಸುವ ಅಪೂರ್ವವಾದ ಅವಕಾಶವನ್ನು ಕೊಡುತ್ತವೆ. ಬೇಸಗೆಯಲ್ಲಿ ನಮ್ಮ ಸೀಮೆಯ ಒಣಗಾಳಿಗೆ ಬಣ್ಣವು ಕಾಗದದ ಮೇಲೆ ಹರಡುವ ಮೊದಲೇ ಒಣಗುವುದರಿಂದ, ಮಾರ್ಚ್ ಏಪ್ರಿಲ್‌ಗಳಲ್ಲಿ ಬೆಳಗಿನ ತಂಪಿನಲ್ಲಿಯೇ ಕೆಲಸ ಮುಗಿಸಬೇಕು.

ಸ್ಫೂರ್ತಿಯೆಂಬುದು ಬಂದ ಮೇಲೆ ಕುಂಚ ಹಿಡಿಯೋಣವೆಂದು ಕಾಯುವವರಿಗೆ ಅದು ಬರುವುದಿಲ್ಲವೆಂಬುದನ್ನು ನಾನು ಅಭ್ಯಾಸಿಗಳಲ್ಲಿ ಕಂಡಿದ್ದೇನೆ. ಒಂದೇ ಬೇವಿನ ಮರವನ್ನು, ಒಂದೇ ಬಣವೆಯನ್ನು, ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಮತ್ತೆ ಬರೆಯುತ್ತಿರುವಾಗ, ಮೊದಲು ಬರಿಯ ಹಸಿರಾಗಿ ಕಂಡುದರಲ್ಲಿ ಹಳದಿಯೂ ನೀಲಿಯೂ ಬೂದಿಯೂ ಬೇರೆಬೇರೆಯಾಗಿ ತೋರತೊಡಗುತ್ತವೆ. ಅಲ್ಲಿಂದ ಮುಂದೆ ಯಾರೂ ಹುರಿದುಂಬಿಸಬೇಕಾಗಿಲ್ಲ. ಮೊದಮೊದಲ ಹಾಳೆಗಳು ಕೆಟ್ಟೇ ಕೆಡುತ್ತವೆ. ಆದರೆ ಅವುಗಳನ್ನು ಹರಿದು ಹಾಕದೆ, ದಿನಾಂಕ ಬರೆದು ಇಟ್ಟುಕೊಳ್ಳುವುದು ಹಿತ. ಆರು ತಿಂಗಳ ಮೇಲೆ ತಮ್ಮ ಪ್ರಗತಿಯನ್ನು ಅಳೆಯಲು ಅವುಗಳಿಗಿಂತ ಪ್ರಾಮಾಣಿಕವಾದ ಸಾಕ್ಷಿ ಇನ್ನೊಂದಿಲ್ಲ.

ಈ ಪ್ರಾಂತವು ಕಲೆಗೆ ಬರಡಾದ ನೆಲವೇನೂ ಅಲ್ಲ. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ, ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ಚಿತ್ರಶಾಲೆಗಳನ್ನು ಕಟ್ಟಿದರು; ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯಿಂದ ಮೂಡಿದ ಉತ್ಸವ ರಾಕ್ ಗಾರ್ಡನ್ನು ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ನಿಲ್ಲಿಸಿದೆ. ಎಳೆಯರಿಗೆ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರರಿದ್ದಾರೆ. ಹಿರಿಯರಿಗೂ ಒಂದು ನೆಲೆ ಬೇಕು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಗ್ರಂಥಾಲಯಗಳವರೂ, ಪ್ರೌಢಶಾಲೆಗಳ ಆಡಳಿತ ಮಂಡಲಿಗಳವರೂ, ರವಿವಾರ ಮುಂಜಾನೆ ಎರಡು ತಾಸು ಉತ್ತರದ ಕಿಟಕಿಯುಳ್ಳ ಒಂದು ಕೋಣೆಯನ್ನೂ ಒಂದು ಕೊಡ ನೀರನ್ನೂ ಇವರಿಗಾಗಿ ಒದಗಿಸಿಕೊಡಬೇಕೆಂದೂ, ನಿವೃತ್ತರಾದ ಚಿತ್ರಕಲಾ ಶಿಕ್ಷಕರು ಅಲ್ಲಿಗೆ ಬಂದು ತಮ್ಮ ವಾರಿಗೆಯವರ ಕೈಗೆ ಕುಂಚ ಕೊಡಬೇಕೆಂದೂ ಬಿನ್ನವಿಸುತ್ತೇನೆ.